ವೇಲ್ಸಿನ ಕುರಿಗುಡ್ಡದಲ್ಲಿ ಲೀಲಕ್ಕನ ಗಾಡಿ

ದುಬೈ: ಗಾಲಿ ಕುರ್ಚಿಗಳ ಸಾಲು

ನನ್ನ ಎರಡೂ ಕಾಲು ಗಟ್ಟಿ ಇವೆ. ಐವತ್ತೊಂಬತ್ತು ವರ್ಷವಾದರೂ ಕಬ್ಬಿಣದ ಗೇಟಿನ ಒಂದು ಬಾಗಿಲನ್ನು ಈಗಲೂ ಒಬ್ಬನೇ ಎತ್ತಿ ಕಂಬಕ್ಕೆ ಕೂರಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಮೊದಲ ವಿದೇಶ ಪ್ರವಾಸ ಶುರುವಾದದ್ದು ಗಾಲಿ ಕುರ್ಚಿಯಲ್ಲಿ ಕೂತು.

ಅದು ನಮ್ಮ ಕಡೆಯ ಒಂದು ಉಪಾಯ. ಪುತ್ತೂರಿನಲ್ಲಿ ಟಿಕೆಟ್ ಮಾಡಿಕೊಟ್ಟವರು ನನ್ನ ಮುಖ ನೋಡಿಯೇ ಕೇಳಿದರು, "ಇಂಗ್ಲಿಷ್ ಅಷ್ಟಕ್ಕಷ್ಟೆ ಅಲ್ವಾ? ವೀಲ್‌ಚೇರ್ ಬೇಕು ಅಂತ ಹಾಕ್ತೇನೆ. ಅವರೇ ಕೂರಿಸಿ, ತಳ್ಳಿಕೊಂಡು ಹೋಗಿ, ಸರಿಯಾದ ವಿಮಾನಕ್ಕೆ ಹತ್ತಿಸ್ತಾರೆ. ನಿಮಗೆ ತಲೆಬಿಸಿ ಇಲ್ಲ. ಎಲ್ಲರೂ ಹಾಗೇ ಮಾಡುದು ಮಾರಾಯ್ರೆ." ಎಲ್ಲರೂ ಎಂದರೆ ನಿಜವಾಗಿ ಎಲ್ಲರೂ. ಗಲ್ಫಿನಲ್ಲಿರುವ ಮಕ್ಕಳ ಮನೆಗೆ ಹೋಗುವ ಉಪ್ಪಿನಂಗಡಿಯ ಉಮ್ಮಂದಿರಿಂದ ಹಿಡಿದು ಸುಳ್ಯದ ರಿಟೈರ್ಡ್ ಮೇಷ್ಟ್ರವರೆಗೆ. ಕಳೆದ ವರ್ಷ ಮಗಳ ಬಾಣಂತನಕ್ಕೆ ಹೋದ ನನ್ನ ಹೆಂಡತಿ ಕಮಲಳೂ ಹಾಗೆಯೇ ಹೋಗಿ ಬಂದಿದ್ದಳು. ನನಗೂ ಅದರಲ್ಲೇನೂ ತಪ್ಪು ಕಾಣಲಿಲ್ಲ.

ಮಂಗಳೂರಿನಲ್ಲಿ ಮಜವೇ ಇತ್ತು. ಕ್ಯೂನಲ್ಲಿ ನಿಂತವರನ್ನೆಲ್ಲ ದಾಟಿಕೊಂಡು ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ ವಿಮಾನ ಹತ್ತಿದೆ. ದುಬೈಯಲ್ಲಿ ಗತ್ತು ಇಳಿಯಿತು. ಅಲ್ಲಿ ನನ್ನನ್ನು ತಳ್ಳಿಕೊಂಡು ಬಂದವನು ಹದಿನಾಲ್ಕು ಗಾಲಿ ಕುರ್ಚಿಗಳ ಸಾಲಿನ ಕೊನೆಗೆ ನಿಲ್ಲಿಸಿ, ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಕಾಯಿರಿ ಎಂದು ಕೈಸನ್ನೆ ಮಾಡಿ ಹೋದ.

ಸ್ವಲ್ಪ ಹೊತ್ತಿಗೆ ನನಗೆ ಮೂತ್ರಕ್ಕೆ ಅವಸರವಾಯಿತು. ಶೌಚಾಲಯ ಎದುರಿಗೇ ಕಾಣುತ್ತಿತ್ತು, ಐವತ್ತು ಹೆಜ್ಜೆ. ಎದ್ದು ಹೋಗುವುದು ಹೇಗೆ? ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸಿನ ಕಾಲುಗಳು ನಿಜವಾಗಿಯೂ ಸೊಟ್ಟಗಿದ್ದವು. ಅವರೆದುರು ಎದ್ದು ನಡೆದರೆ ನನ್ನ ಮಾನ ಎಷ್ಟು ಉಳಿಯುತ್ತದೆ? ಸಮವಸ್ತ್ರದ ಹುಡುಗಿಯೊಬ್ಬಳು ಹತ್ತಿರ ಬಂದಾಗ ಕೈ ಎತ್ತಿದೆ. ಅವಳು ನನ್ನ ಹಿಂದೆ ನಿಂತಿದ್ದ ಬೇರೆ ಯಾರನ್ನೋ ನೋಡಿ, "ಇವರಿಗೆ ಏನಾದರೂ ಬೇಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ. ಉತ್ತರ ಹೇಳಲೂ ಬರುತ್ತದೆ. ಆದರೆ ಅವಳು ನನ್ನನ್ನು ಕೇಳಲೇ ಇಲ್ಲ. ಆ ಮನುಷ್ಯ ಏನೂ ಬೇಡವೆಂದು ತಲೆಯಾಡಿಸಿದ. ಅವಳು ಹೋದಳು.

ಎರಡು ಗಂಟೆ ಹಾಗೆ ತಡೆದುಕೊಂಡು ಕೂತಾಗ ಲೀಲಕ್ಕ ನೆನಪಾದಳು.

ಲೀಲಕ್ಕ ಎಂದರೆ ನನ್ನ ಅಕ್ಕ ಲೀಲಾವತಿ, ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮೂರನೇ ವರ್ಷದಲ್ಲಿ ಪೋಲಿಯೋ ಬಂದು ಎರಡೂ ಕಾಲು ಹೋದವು. ಕಡಬದ ಹತ್ತಿರ ಗುಡ್ಡದ ಮೇಲೆ ನಾನು ಮನೆ ಕಟ್ಟಿದಾಗ ಅವ್ವನ ಜೊತೆ ಅವಳೂ ಬಂದಳು. ಮನೆಯೊಳಗೆ ಕೈಯೂರಿ ನೆಲದ ಮೇಲೆ ಸರಿದಾಡುತ್ತಾಳೆ. ನಲವತ್ತು ವರ್ಷ ಬೀಡಿ ಕಟ್ಟಿದ್ದಾಳೆ. ಅವಳ ಬೀಡಿ ವಾರಕ್ಕೊಮ್ಮೆ ಗುಡ್ಡ ಇಳಿದು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ.

ಅವಳು ಹೊರಗೆ ಹೊರಡಬೇಕಾದರೆ ಅದಕ್ಕೆ ಕುರ್ಚಿ ಇತ್ತು. ನಾನೇ ಮಾಡಿದ್ದು. ಬೆತ್ತದ ಕುರ್ಚಿಗೆ ಕಬ್ಬಿಣದ ಚೌಕಟ್ಟು ಕಟ್ಟಿ, ಚೌಕಟ್ಟಿಗೆ ಬಳೆಗಳನ್ನು ಬೆಸೆದು, ಬಳೆಯೊಳಗೆ ಎರಡು ಉದ್ದ ಪೈಪು ತೂರಿಸಿದ್ದೆ. ನಾನು, ಇಬ್ಬರು ದೊಡ್ಡಪ್ಪನ ಮಕ್ಕಳು, ವರ್ಕ್‌ಶಾಪಿನ ಒಬ್ಬ, ಹೀಗೆ ನಾಲ್ಕು ಜನ ಹೆಗಲು ಕೊಟ್ಟರೆ ಲೀಲಕ್ಕ ಗುಡ್ಡ ಇಳಿಯುತ್ತಿದ್ದಳು. ಪುತ್ತೂರಿನ ಒಂದು ಮದುವೆಯಲ್ಲಿ ಅವಳನ್ನು ಹಾಗೆಯೇ ಹೊತ್ತು ಸಭಾಭವನದ ಮೆಟ್ಟಿಲು ಹತ್ತಿಸಿ ವೇದಿಕೆಯ ಮೇಲೆ ಇಳಿಸಿದಾಗ ಜನ ಚಪ್ಪಾಳೆ ತಟ್ಟಿದರು. ಇಂಥ ತಮ್ಮಂದಿರು ಯಾರಿಗೆ ಸಿಗುತ್ತಾರೆ ಎಂದರು. ನಾವು ನಾಲ್ವರೂ ಬೆವರು ಒರೆಸಿಕೊಂಡು ಮೊದಲ ಪಂಕ್ತಿಗೆ ಊಟಕ್ಕೆ ಹೋದೆವು. ಅವಳು ವೇದಿಕೆಯ ಮೂಲೆಯಲ್ಲಿ ಎಷ್ಟು ಹೊತ್ತು ಕೂತಿದ್ದಳೋ ನನಗೆ ಗೊತ್ತಿಲ್ಲ.

ಒಂದು ಮಾತ್ರ ಗೊತ್ತು. ಎಲ್ಲಿಗಾದರೂ ಹೊರಡುವುದಿದ್ದರೆ ಲೀಲಕ್ಕ ಹಿಂದಿನ ಸಂಜೆಯಿಂದಲೇ ನೀರು ಕುಡಿಯುತ್ತಿರಲಿಲ್ಲ. "ಅಕ್ಕನ ವ್ರತ ಶುರುವಾಯ್ತು" ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆ ತಮಾಷೆ ದುಬೈಯಲ್ಲಿ ನನ್ನ ಕಿಬ್ಬೊಟ್ಟೆಗೆ ಬಂದು ಕೂತಿತು.

ಮಗಳ ಪೇಟೆ

ಮಗಳು ದಿವ್ಯ ವೇಲ್ಸಿನ ಒಂದು ಸಣ್ಣ ಪೇಟೆಯಲ್ಲಿ ನರ್ಸ್. ಆ ಪೇಟೆಯ ಹೆಸರು ಹೇಳಬೇಕಾದರೆ ನಾಲಗೆಯನ್ನು ಮೇಲಿನ ಹಲ್ಲಿಗೆ ಒತ್ತಿ ಎರಡೂ ಪಕ್ಕದಿಂದ ಗಾಳಿ ಬಿಡಬೇಕು. ಮೊದಲ ದಿನ ಪ್ರಯತ್ನ ಮಾಡಿ ಮೊಮ್ಮಗಳ ಮುಖಕ್ಕೆಲ್ಲ ಎಂಜಲು ಹಾರಿಸಿದೆ. ಆಮೇಲೆ "ಪೇಟೆ" ಎಂದೇ ಕರೆದೆ.

ನಾವಿಬ್ಬರೂ ಒಟ್ಟಿಗೆ ಬರಬೇಕೆಂದು ದಿವ್ಯಳಿಗೆ ಆಸೆ ಇತ್ತು. "ಇಬ್ಬರೂ ಬರ್ಲಿಕ್ಕೆ ಆಗುದಿಲ್ಲ, ಲೀಲಕ್ಕ ಇದ್ದಾಳಲ್ಲ" ಎಂದು ನಾನು ಪ್ರತಿಸಲ ಫೋನಿನಲ್ಲಿ ಹೇಳುವುದು. ಲೀಲಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುವುದು. ಹೀಗಾಗಿ ಸರದಿಯ ಮೇಲೆ ಹೋದ ವರ್ಷ ಕಮಲ, ಈ ವರ್ಷ ನಾನು.

ಅಲ್ಲಿಯ ಮಳೆಯ ವಿಷಯ ಹೇಳಬೇಕು. ನಮ್ಮ ಮಳೆ ಬರುವಾಗ ಗೊತ್ತಾಗುತ್ತದೆ, ನಿಲ್ಲುವಾಗಲೂ ಗೊತ್ತಾಗುತ್ತದೆ. ಅಲ್ಲಿಯದಕ್ಕೆ ಶುರುವೂ ಇಲ್ಲ, ಕೊನೆಯೂ ಇಲ್ಲ, ಸದ್ದಂತೂ ಇಲ್ಲವೇ ಇಲ್ಲ. ಕೊಡೆ ಹಿಡಿದು ಹೋಗುತ್ತಿದ್ದವನು ಇಡೀ ಪೇಟೆಯಲ್ಲಿ ನಾನೊಬ್ಬನೇ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಸುಳ್ಯದ ಬಸ್ಸಿನಲ್ಲಿ ಹಾಗೆ ಮಾಡಲು ಹೊರಟರೆ ಥ್ಯಾಂಕ್ಸ್ ಮುಗಿಯುವ ಮೊದಲೇ ಕಂಡಕ್ಟರ್ "ರೈಟ್" ಹೇಳಿ, ನಮ್ಮ ಒಂದು ಕಾಲು ಮುಂದಿನ ಸ್ಟಾಪಿಗೆ ಹೋಗಿರುತ್ತದೆ.

ನಾನು ಮೂವತ್ತೈದು ವರ್ಷದಿಂದ ಗೇಟು, ಗ್ರಿಲ್ಲು ಮಾಡುವವನು. ಊರು ನೋಡುವುದೆಂದರೆ ನನಗೆ ಬೆಸುಗೆ ನೋಡುವುದು. ದಿವ್ಯ ಕೋಟೆ ತೋರಿಸಿದರೆ ನಾನು ಕೋಟೆಯ ಗೇಟಿನ ತಿರುಗಣೆ ನೋಡಿದೆ. ಆ ದೇಶದಲ್ಲಿ ಗುಡ್ಡಗಳಿಗೂ ಗೇಟು ಉಂಟು. ಗುಡ್ಡದ ಉದ್ದಕ್ಕೂ ಕಲ್ಲಿನ ಗೋಡೆ, ಗೋಡೆಯ ನಡುನಡುವೆ ಕಬ್ಬಿಣದ ಗೇಟು, ಗೇಟಿನ ಆಚೆ ಈಚೆ ಬೆನ್ನಿಗೆ ನೀಲಿ ಬಣ್ಣ ಬಳಿದ ಕುರಿಗಳು. ಯಾರು ಬೇಕಾದರೂ ಗೇಟು ತೆರೆದು ನಡೆದುಹೋಗಬಹುದು, ತೆರೆದವರು ಮುಚ್ಚಬೇಕು, ಅಷ್ಟೇ. ನನಗೆ ಆ ಪದ್ಧತಿ ಬಹಳ ಹಿಡಿಸಿತು. ಗೇಟು ಇರುವುದು ಜನರನ್ನು ತಡೆಯಲಿಕ್ಕೆ ಎಂದೇ ನಾನು ಅದುವರೆಗೆ ತಿಳಿದುಕೊಂಡಿದ್ದೆ.

ಕುರಿಗುಡ್ಡ

ಮೂರನೇ ದಿನ ದಿವ್ಯಳ ಜೊತೆ ಗುಡ್ಡ ಹತ್ತುತ್ತಿದ್ದೆ. ದಾರಿ ನಮ್ಮಲ್ಲಿಯದರ ಹಾಗೆಯೇ. ಮಣ್ಣು ಕೊಚ್ಚಿಹೋಗಿ ಕಲ್ಲು ಎದ್ದಿತ್ತು, ಟ್ರಾಕ್ಟರಿನ ಚಕ್ರ ಹೋದಲ್ಲಿ ಕೆಸರು ನಿಂತಿತ್ತು. ತಿರುವಿನಲ್ಲಿ ಒಂದು ವಿಚಿತ್ರ ಗಾಡಿ ನಿಂತಿರುವುದು ಕಂಡಿತು. ನಾಲ್ಕು ದಪ್ಪ ಚಕ್ರ, ಗದ್ದೆ ಉಳುವ ಟಿಲ್ಲರಿನ ಟಯರಿಗೆ ಇರುವಂಥ ಹಲ್ಲು, ಮೇಲೆ ಕುರ್ಚಿ, ಮುಂದೆ ಸ್ಕೂಟರಿನ ಹ್ಯಾಂಡಲ್. ಕುರ್ಚಿಯಲ್ಲಿ ಎಂಬತ್ತರ ಹತ್ತಿರದ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ಕಪ್ಪು ಬಿಳಿ ನಾಯಿ. ಮುಂದಿನ ಒಂದು ಚಕ್ರ ಗುಂಡಿಯಲ್ಲಿ ಇಳಿದಿತ್ತು.

ಪಾಪ, ಸಿಕ್ಕಿಬಿದ್ದಿದ್ದಾರೆ ಎಂದುಕೊಂಡೆ. ನನ್ನ ಮೈಗೆ ಇಂಥದ್ದೆಲ್ಲ ಅಭ್ಯಾಸ. ಯೋಚನೆಯೇ ಬೇಕಾಗುವುದಿಲ್ಲ. "ದಿವ್ಯ, ನೀನು ಆ ಕಡೆ ಹಿಡಿ" ಎಂದು ಕೂಗಿ, ಓಡಿಹೋಗಿ, ಹಿಂದಿನಿಂದ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಮೇಲಕ್ಕೆ ಎಳೆದೆ. ಆ ಕುರ್ಚಿಯ ಕೈಗಳು ಮೇಲಕ್ಕೆ ಮಡಚಿಕೊಳ್ಳುವಂಥವು ಎಂದು ನನಗೇನು ಗೊತ್ತು? ಅವು ಪಟಕ್ಕನೆ ಮೇಲೆದ್ದವು. ನಾನು ಅಷ್ಟೇ ಬೇಗ ಹಿಂದಕ್ಕೆ ಬಿದ್ದೆ. ಬಿದ್ದದ್ದು ಕುರಿ ಹಿಕ್ಕೆಯ ಮೇಲೆ. ನಾಯಿ ನನ್ನ ಎದೆಯ ಹತ್ತಿರ ಬಂದು ಬೊಗಳತೊಡಗಿತು. ಅಜ್ಜಿ ತಿರುಗಿ ನೋಡಿ ಗಟ್ಟಿಯಾಗಿ ಏನೋ ಕೇಳಿದರು.

"ಎಂತ ಹೇಳಿದ್ದು ಅವರು?" ಎಂದು ಬಿದ್ದಲ್ಲಿಂದಲೇ ಮಗಳನ್ನು ಕೇಳಿದೆ.

ದಿವ್ಯಳ ಮುಖ ಕೆಂಪಾಗಿತ್ತು. "ನಾನು ಸಹಾಯ ಕೇಳಿದೆನಾ ಅಂತ ಕೇಳ್ತಿದ್ದಾರೆ ಅಪ್ಪ."

"ಸಿಕ್ಕಿಬಿದ್ದಿದ್ರಲ್ಲ?"

ದಿವ್ಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಉತ್ತರ ಕೊಟ್ಟರು. ದಿವ್ಯ ತಲೆ ತಗ್ಗಿಸಿ ನನಗೆ ಕನ್ನಡದಲ್ಲಿ ಹೇಳಿದಳು, "ಸಿಕ್ಕಿಬಿದ್ದದ್ದಲ್ಲ, ನಿಂತದ್ದಂತೆ. ಮರಿಗಳನ್ನು ನೋಡ್ತಿದ್ರಂತೆ. ನನಗೆ ಬೇಕಾದಲ್ಲಿ ನಿಂತ್ಕೊಳ್ಲಿಕ್ಕೂ ನಿಮ್ಮ ಪರ್ಮಿಶನ್ ಬೇಕಾ ಅಂತ ಕೇಳಿದ್ರು."

ಅಜ್ಜಿ ಹ್ಯಾಂಡಲಿನಲ್ಲಿದ್ದ ಒಂದು ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಗಾಡಿ ಒಂದಿಷ್ಟೂ ಸದ್ದಿಲ್ಲದೆ ಗುಂಡಿಯಿಂದ ಮೇಲೆ ಬಂತು, ಕಲ್ಲಿನ ಮೇಲೆ ಹತ್ತಿತು, ಇಳಿಯಿತು. ನಾಲ್ಕು ಚಕ್ರವೂ ನಾಲ್ಕು ಎತ್ತರದಲ್ಲಿದ್ದರೂ ಅಜ್ಜಿ ನೆಟ್ಟಗೆ ಕೂತಿದ್ದರು. ಹತ್ತು ಮಾರು ಹೋಗಿ ನಿಂತು, ನನ್ನ ಪ್ಯಾಂಟಿನ ಅವಸ್ಥೆ ನೋಡಿ ಅವರಿಗೆ ನಗು ಬಂತು. ಕೆಳಗಿನ ಹೊಲ ತಮ್ಮದೇ, ಮನೆಗೆ ಬಂದು ತೊಳೆದುಕೊಳ್ಳಿ ಎಂದರು. ಸಹಾಯ ಮಾಡಲೇಬೇಕೆಂದಿದ್ದರೆ ಹಿಂದಿನ ಗೇಟನ್ನು ಮುಚ್ಚಿ ಬನ್ನಿ ಎಂದೂ ಸೇರಿಸಿದರು.

ಗ್ವೆನ್ ಅಜ್ಜಿಯ ಗೇಟುಗಳು

ಅವರ ಹೆಸರು ಗ್ವೆನ್. ಸೊಂಟದಿಂದ ಕೆಳಗೆ ಬಲವಿಲ್ಲದೆ ಒಂಬತ್ತು ವರ್ಷವಾಯಿತಂತೆ. ಒಬ್ಬರೇ ಇರುತ್ತಾರೆ, ನಲವತ್ತು ಕುರಿ ಉಂಟು. ಚಹಾ ಮಾಡಿಕೊಟ್ಟರು, ತಾವೂ ದೊಡ್ಡ ಲೋಟದಲ್ಲಿ ಕುಡಿದರು. ಮತ್ತೊಂದು ಸಲ ತುಂಬಿಸಿಕೊಂಡು ಅದನ್ನೂ ಕುಡಿದರು. ಆಮೇಲೆ ಪುನಃ ಗುಡ್ಡಕ್ಕೆ ಹೋಗುವುದುಂಟು ಎಂದರು. ನಾನು ಆ ಲೋಟವನ್ನೇ ನೋಡುತ್ತಿದ್ದೆ.

ನನಗೆ ಗಾಡಿಯ ಹುಚ್ಚು ಹಿಡಿಯಿತು. ಬಗ್ಗಿ ಅಡಿ ನೋಡಿದೆ. ಸೀಟಿನ ಕೆಳಗೆ ಎರಡು ಬ್ಯಾಟರಿ, ಭಾರವೆಲ್ಲ ತಗ್ಗಿನಲ್ಲಿ. ಪಟ್ಟಿ ಒತ್ತಿದರೆ ಹೋಗುತ್ತದೆ, ಬೆರಳು ತೆಗೆದರೆ ತಾನಾಗಿ ಬ್ರೇಕ್ ಹಿಡಿದು ನಿಲ್ಲುತ್ತದೆ. ಏರಿನಲ್ಲಿ ಬಿಟ್ಟರೂ ಹಿಂದಕ್ಕೆ ಜಾರುವುದಿಲ್ಲ. ಗ್ವೆನ್ ನನಗೇ ಓಡಿಸಲು ಕೊಟ್ಟರು. ಅಂಗಳ ದಾಟಿ, ಇಳಿಜಾರಿನ ನಡುವೆ, ಬೇಕೆಂದೇ ಬೆರಳು ತೆಗೆದೆ. ಗಾಡಿ ಅಲ್ಲೇ ನಿಂತಿತು.

ಅಲ್ಲಿ ಕೂತಲ್ಲೇ ನನಗೆ ಹೊಳೆಯಿತು. ಈ ಗಾಡಿಯನ್ನು ನಾನು ಮೊದಲೇ ನೋಡಿದ್ದೆ.

ಅವ್ವ ಇದ್ದ ಕಾಲದ ಮಾತು. ಒಂದು ದಿನ ಲೀಲಕ್ಕ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಒಂದು ಚಿತ್ರ ಬರೆದು ನನ್ನ ಕೈಗೆ ಕೊಟ್ಟಿದ್ದಳು. ಕುರ್ಚಿ, ಅದರ ಅಡಿಯಲ್ಲಿ ಬ್ಯಾಟರಿ, ಟಿಲ್ಲರಿನ ಟಯರು, ಸ್ಕೂಟರಿನ ಹ್ಯಾಂಡಲ್. ಪಕ್ಕದಲ್ಲಿ ಅಳತೆ. ಗೇಟಿನ ಅಗಲ ಇಷ್ಟು, ಹಲಸಿನ ಮರದ ಹತ್ತಿರದ ತಿರುವು ಇಷ್ಟು. ಜೆಸಿಬಿಯಲ್ಲಿ ಗುಡ್ಡ ಕಡಿಸಿ ಮನೆಗೆ ಮಣ್ಣಿನ ರಸ್ತೆ ಮಾಡಿಸಿದ ವರ್ಷ ಅದು. ಸರ್ಕಾರದಿಂದ ಅವಳಿಗೆ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ ಸಿಕ್ಕಿತ್ತು. ನಮ್ಮ ಏರಿನಲ್ಲಿ ಅದು ಹತ್ತು ಅಡಿ ಹೋಗಲಿಲ್ಲ, ಕೊನೆಗೆ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. "ಇಂಥದ್ದೊಂದು ಮಾಡಿ ಕೊಡು ಕುಶಾಲ. ನಾನೇ ಬಿಟ್ಕೊಂಡು ಹೋಗುವಂಥದ್ದು" ಎಂದು ನನ್ನ ಹೆಸರು ಹಿಡಿದು ಕೇಳಿದ್ದಳು. ನಮ್ಮ ಮನೆಮಾತು ಅರೆಭಾಷೆ, ಓದುವವರಿಗೆ ಸುಲಭವಾಗಲೆಂದು ಪೇಟೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ನಕ್ಕಿದ್ದೆ. "ನಾವು ನಾಲ್ಕು ಜನ ಇರುವಾಗ ನಿನಗೆ ಗಾಡಿ ಎಂತಕ್ಕೆ ಅಕ್ಕ? ಬ್ರೇಕ್ ತಪ್ಪಿದ್ರೆ ಸೀದಾ ಕೆಳಗಿನ ತೋಡಿನ ನೀರಿಗೆ." ಆ ಹಾಳೆಯಲ್ಲಿ ವೆಲ್ಡಿಂಗ್ ಕಡ್ಡಿ ಸುತ್ತಿಟ್ಟೆ. ಅವಳು ಎರಡನೇ ಸಲ ಕೇಳಲಿಲ್ಲ. ಆ ಮಳೆಗಾಲ ಕಳೆದ ಮೇಲೆ ಕುರ್ಚಿಗೂ ಬೇಡ ಎನ್ನತೊಡಗಿದಳು. ಮದುವೆಗೆ ಕರೆದರೆ ಬೇಡ, ದೇವಸ್ಥಾನಕ್ಕೆ ಕರೆದರೆ ಬೇಡ. ಅಕ್ಕನಿಗೆ ಆಸೆಗಳೇ ಇಲ್ಲ, ಸನ್ಯಾಸಿಯ ಸ್ವಭಾವ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಇದನ್ನು ದಿವ್ಯಳಿಗೆ ಹೇಳಿದೆ. "ಗೊತ್ತುಂಟು ಅಪ್ಪ. ಆ ಅಳತೆ ತೆಗೆದದ್ದು ನಾನೇ. ಲೀಲತ್ತೆ ಬೀಡಿಯ ನೂಲು ಕೊಟ್ಟಿದ್ರು. ಒಂದು ತುದಿ ಹಲಸಿನ ಮರಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡ್ಕೊಂಡು ನಾನು ರಸ್ತೆಗೆ ಅಡ್ಡ ಓಡಿದ್ದು."

ಗ್ವೆನ್ ಅಜ್ಜಿಯ ಹೊಲದ ಗೇಟುಗಳನ್ನು ಆಗ ಸರಿಯಾಗಿ ನೋಡಿದೆ. ಪ್ರತಿ ಗೇಟಿನ ಚಿಲಕಕ್ಕೂ ಒಂದು ಉದ್ದ ಹಿಡಿ ಬೆಸೆದಿದ್ದರು, ಗಾಡಿಯಲ್ಲಿ ಕೂತಲ್ಲಿಂದಲೇ ಕೈಗೆ ಸಿಗುವ ಹಾಗೆ. ಬೆಸುಗೆ ಏನೂ ಹೇಳಿಕೊಳ್ಳುವಂಥದ್ದಲ್ಲ, ನಾನಾದರೆ ಇನ್ನೂ ನಯವಾಗಿ ಮಾಡುತ್ತಿದ್ದೆ. ಆದರೆ ಅದನ್ನು ಮಾಡಿದವನು ಮೊದಲು ಗಾಡಿಯ ಸೀಟಿನಲ್ಲಿ ತಾನು ಕೂತು, ಕೈ ಚಾಚಿ, ಗುರುತು ಹಾಕಿಕೊಂಡು ಹೋದನಂತೆ. ನನ್ನ ಮನೆಯ ಗೇಟಿನ ಚಿಲಕ ನನ್ನ ಎದೆಯ ಎತ್ತರಕ್ಕೆ ಉಂಟು. ಮೇಲೆ ಹಂಸದ ಚಿತ್ತಾರ ಬೇರೆ. ಮೂವತ್ತೈದು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಗೇಟು ಮಾಡಿದ್ದೇನೆ, ಒಂದು ಸಲವೂ ಕೂತು ನೋಡಿರಲಿಲ್ಲ.

ಕಾಡಿನ ಬಾಗಿಲು

ನನ್ನ ಹುಚ್ಚು ನೋಡಿ ದಿವ್ಯ ರಜೆಯ ದಿನ ಒಂದು ಕಾಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಡಿನ ಬಾಗಿಲಲ್ಲೇ ಇಂಥ ಗಾಡಿಗಳನ್ನು ಇಟ್ಟಿರುತ್ತಾರೆ. ನಡೆಯಲಾರದವರು ಬಂದು, ಸಹಿ ಹಾಕಿ, ಕೀಲಿ ತೆಗೆದುಕೊಂಡು ಮರಗಳ ನಡುವೆ ಹೋಗಿಬಿಡುತ್ತಾರೆ. ಯಾರೂ ಜೊತೆಗೆ ಬರುವುದಿಲ್ಲ. ಯಾರೂ ಅಯ್ಯೋ ಎನ್ನುವುದಿಲ್ಲ, ಚಪ್ಪಾಳೆಯೂ ಇಲ್ಲ.

ನಾವು ನೋಡುತ್ತಿದ್ದ ಹಾಗೆಯೇ ಮುದುಕ ಗಂಡ ಹೆಂಡತಿಗೆ ಜಗಳ ಹತ್ತಿತು. ಗಂಡ ಗಾಡಿಯಲ್ಲಿ, ಹೆಂಡತಿ ನಿಂತುಕೊಂಡು. ಬುತ್ತಿಯ ಡಬ್ಬ ಯಾರು ಮರೆತದ್ದು ಎಂಬ ವಿಷಯವೆಂದು ದಿವ್ಯ ಹೇಳಿದಳು. ಹೆಂಡತಿ ಒಂದು ಮಾತು ಜಾಸ್ತಿ ಆಡಿರಬೇಕು. ಮುದುಕ ಮುಖ ಕೆಂಪು ಮಾಡಿಕೊಂಡು, ಹ್ಯಾಂಡಲ್ ತಿರುಗಿಸಿ, ಕಾಡಿನೊಳಗೆ ಹೊರಟೇ ಹೋದ. ಹೆಂಡತಿ ಕೂಗಿದರೂ ಹಿಂದಿರುಗಿ ನೋಡಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅರ್ಧ ಗಂಟೆಯ ಮೇಲೆ ಮುದುಕ ತಣ್ಣಗಾಗಿ ಬಂದ. ಇಬ್ಬರೂ ಅಂಗಡಿಯ ಕೇಕು ತಿಂದರು.

ಅದೇ ಕಾಡಿನ ಬೆಂಚಿನ ಮೇಲೆ ಕೂತು ಮನೆಗೆ ವಿಡಿಯೋ ಕಾಲ್ ಮಾಡಿದೆ. ಕಮಲ ಫೋನನ್ನು ಲೀಲಕ್ಕನ ಕೈಗೆ ಕೊಟ್ಟು ದನ ಕಟ್ಟಲು ಹೋದಳು. ಲೀಲಕ್ಕನನ್ನು ನಗಿಸಬೇಕೆಂದು ಈ ಮುದುಕನ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಅವಳು ನಗಲಿಲ್ಲ.

"ಮತ್ತೆ ಬಂದನಾ ಅವನು?" ಎಂದು ಕೇಳಿದಳು.

"ಬಂದ, ಬಂದ. ಅರ್ಧ ಗಂಟೆ ಬಿಟ್ಟು."

"ಅವನಾಗಿಯೇ?"

"ಹೌದಕ್ಕ, ಅವನಾಗಿಯೇ."

ಲೀಲಕ್ಕ ಫೋನನ್ನು ಮುಖದ ಹತ್ತಿರಕ್ಕೆ ತಂದಳು. ಆಮೇಲೆ, "ಆವತ್ತು ನಾನು ಗಾಡಿಯ ಚಿತ್ರ ಬರೆದು ಕೊಟ್ಟಿದ್ದೆ, ನೆನಪುಂಟಾ?" ಎಂದಳು.

"ಉಂಟಕ್ಕ."

"ಎಂತಕ್ಕೆ ಬೇಕು ಅಂತ ನೀನು ಕೇಳ್ಲೇ ಇಲ್ಲ."

"ದೇವಸ್ಥಾನಕ್ಕೆ, ಪೇಟೆಗೆ ಹೋಗ್ಲಿಕ್ಕೆ ಅಂತ ಗ್ರಹಿಸಿದೆ."

"ಅಲ್ಲಿಗೆಲ್ಲ ನೀವು ಹೊತ್ಕೊಂಡು ಹೋಗ್ತಿದ್ರಿ. ನನಗೆ ಜಗಳ ಮಾಡಿ ಎದ್ದು ಹೋಗ್ಲಿಕ್ಕೆ ಬೇಕಿತ್ತು ಕುಶಾಲ." ಅವಳು ಅದನ್ನು ಬಹಳ ಸಾಧಾರಣವಾಗಿ ಹೇಳಿದಳು. "ನಿನಗೆ ಸಿಟ್ಟು ಬಂದ್ರೆ ನೀನು ಬೈಕ್ ಸ್ಟಾರ್ಟ್ ಮಾಡಿ ಹೋಗ್ತಿ. ಕಮಲನಿಗೆ ಸಿಟ್ಟು ಬಂದ್ರೆ ತವರುಮನೆಗೆ ಹೋಗ್ತಾಳೆ. ಅವ್ವ ಸಹ ಸಿಟ್ಟಲ್ಲಿ ದನದ ಹಟ್ಟಿಗೆ ಹೋಗಿ ಕೂತ್ಕೊಳ್ತಿದ್ರು. ನಾನು ಎಲ್ಲಿಗೆ ಹೋಗುದು? ಬೈದವರ ಎದುರೇ ಕೂತಿರ್ಬೇಕು. ಹೊರಗೆ ಹೋಗ್ಬೇಕಾದ್ರೆ ಬೈದವನನ್ನೇ ಕರೀಬೇಕು, ಬಾ ಮಾರಾಯ, ಸಿಟ್ಟು ಬಂದಿದೆ, ಎತ್ತಿಕೊಂಡು ಹೋಗು ಅಂತ. ಒಂದು ಸಲ, ಒಂದೇ ಒಂದು ಸಲ, ಬಾಗಿಲು ಹಾಕಿ ಹೊರಟು ಹೋಗಿ, ನೀವೆಲ್ಲ ಲೀಲ ಎಲ್ಲಿ ಲೀಲ ಎಲ್ಲಿ ಅಂತ ಹುಡುಕ್ಬೇಕು ಅಂತ ಇತ್ತು. ಆಮೇಲೆ ನಾನಾಗಿಯೇ ಬರ್ತಿದ್ದೆ."

ಅವ್ವನೂ ನಾನೂ ಕಮಲಳೂ ಸಿಟ್ಟಿನ ಭರದಲ್ಲಿ ಅವಳಿಗೆ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಪ್ರತಿ ಸಲವೂ ಆಡಿದವರು ಎದ್ದು ಹೋಗಿದ್ದೆವು. ಆಡಿಸಿಕೊಂಡವಳು ಬೀಡಿಯ ಗೆರಸೆ ಮುಂದಿಟ್ಟುಕೊಂಡು ಅಲ್ಲೇ ಇದ್ದಳು.

"ಬಂದ ಕೂಡಲೇ ಗಾಡಿ ಮಾಡ್ತೇನೆ ಅಕ್ಕ. ಆ ಕುರ್ಚಿಯ ಪೈಪನ್ನೇ ಕಡಿದು ಮಾಡ್ತೇನೆ."

"ಕಡಿ ಮಾರಾಯ. ನಾಲ್ಕು ಜನ ಹೊತ್ಕೊಂಡು ಹೋಗುದು ಒಂದು ಸಲ ಇದ್ದೇ ಉಂಟು, ಅದು ಸಾಕು" ಎಂದು, ಅದಕ್ಕೆ ಮಾತ್ರ ನಕ್ಕಳು.

ಹಿಂದಿರುಗುವ ದಾರಿ

ಉಳಿದ ಎರಡು ವಾರ ನಾನು ಏನು ನೋಡಿದೆನೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ಸಮುದ್ರ ನೋಡಿದೆವು, ಹಳೆಯ ಕಲ್ಲಿದ್ದಲು ಗಣಿ ನೋಡಿದೆವು. ನಾನು ಗ್ವೆನ್ ಅಜ್ಜಿಯ ಕೊಟ್ಟಿಗೆಯಲ್ಲಿ ಹೆಚ್ಚು ಹೊತ್ತು ಇದ್ದೆ. ಕೇಳಿಯೇ ಹೋದೆ. ಟೇಪು ಹಿಡಿದು ಗಾಡಿಯ ಒಂದೊಂದು ಭಾಗದ ಅಳತೆ ಬರೆದುಕೊಂಡೆ. ಹೊರಡುವ ದಿನ ಅವರು ನನ್ನ ಕೈ ಕುಲುಕಿ, ಅಕ್ಕನಿಗೆ ಎಷ್ಟು ವರ್ಷ ಎಂದು ಕೇಳಿದರು. ಅರವತ್ತೈದು ಎಂದೆ. ತಾವು ಗಾಡಿ ಹತ್ತಿದ್ದೇ ಅದಕ್ಕಿಂತ ದೊಡ್ಡ ಪ್ರಾಯದಲ್ಲಿ, ತಡವಾಗಿಲ್ಲ ಎಂದರು. ಅವರು ಅರವತ್ತೊಂಬತ್ತರವರೆಗೆ ಸ್ವಂತ ಕಾಲಲ್ಲಿ ನಡೆದವರು, ಲೀಲಕ್ಕ ಮೂರರವರೆಗೆ. ಆ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನಿಂದಾಗಲಿಲ್ಲ.

ವಾಪಸು ಬರುವಾಗ ಗಾಲಿ ಕುರ್ಚಿ ಬೇಡವೆಂದು ದಿವ್ಯಳಿಂದ ಹೇಳಿಸಿದೆ. ದುಬೈಯಲ್ಲಿ ಎರಡು ಸಲ ದಾರಿ ತಪ್ಪಿದೆ, ಒಂದು ಸಲ ಹೆಂಗಸರ ಶೌಚಾಲಯದ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ನನ್ನ ಹರುಕು ಇಂಗ್ಲಿಷಿನಲ್ಲೇ ಕೇಳಿ ಕೇಳಿ ವಿಮಾನ ಹತ್ತಿದೆ.

ಕಡಬ

ಗಾಡಿ ಮಾಡಲು ಮೂರು ತಿಂಗಳು ಹಿಡಿಯಿತು. ಕರೆಂಟಿನ ರಿಕ್ಷಾದ ಮೋಟಾರು, ಟಿಲ್ಲರಿನ ಸಣ್ಣ ಟಯರು, ಬಿಟ್ಟರೆ ತಾನಾಗಿ ನಿಲ್ಲುವ ಬ್ರೇಕು. ಕುರ್ಚಿಯ ಪೈಪುಗಳನ್ನು ಕಡಿದು ಚೌಕಟ್ಟು ಮಾಡಿದೆ. ಮೊದಲು ನಾನೇ ಕೂತು ಗುಡ್ಡದ ರಸ್ತೆಯಲ್ಲಿ ಇಪ್ಪತ್ತು ಸಲ ಹತ್ತಿ ಇಳಿದು ನೋಡಿದೆ. ಲೀಲಕ್ಕನ ಅಳತೆ ಸರಿಯಾಗಿತ್ತು. ಹಲಸಿನ ಮರದ ತಿರುವಿನಲ್ಲಿ ಗಾಡಿ ಎಲ್ಲಿಯೂ ತಾಗಲಿಲ್ಲ.

ತಾಗಿದ್ದು ಅವಳ ಬೆರಳುಗಳಲ್ಲಿ. ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳು ಸೆಟೆದುಕೊಂಡಿದ್ದವು. ಹೆಬ್ಬೆರಳಿನಿಂದ ಪಟ್ಟಿ ಒತ್ತಿ ಹಿಡಿಯಲು ಅವಳಿಗೆ ಆಗಲಿಲ್ಲ. ಅದನ್ನು ತೆಗೆದು ಅಂಗೈಯಿಂದ ಒತ್ತುವ ಹಾಗೆ ಒಂದು ಅಗಲ ತಗಡು ಬೆಸೆದೆ. ಲೀಲಕ್ಕ ಅಂಗಳದಲ್ಲಿ ಎರಡು ಸುತ್ತು ಬಂದಳು, ಗೇಟಿನವರೆಗೆ ಹೋದಳು, ಹೊಸದಾಗಿ ತಗ್ಗಿನಲ್ಲಿ ಬೆಸೆದ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿದಳು, ತಿರುಗಿ ಬಂದಳು. "ಒಳ್ಳೆದುಂಟು ಕುಶಾಲ" ಎಂದಳು. ಆಮೇಲೆ ಜಗಲಿಯಲ್ಲಿ ಇಡಿಸಿದಳು. ಮಧ್ಯಾಹ್ನ ಅದರ ಮೇಲೆ ಕೂತು ಪೇಪರ್ ಓದುತ್ತಾಳೆ. ಗೇಟಿನಿಂದ ಆಚೆಗೆ ಒಂದು ದಿನವೂ ಹೋಗಿಲ್ಲ.

ನಾನು ಕಾದೆ. ಕಾದು ಕಾದು ಕೊನೆಗೆ ಒಂದು ದಿನ ಬೇಕೆಂದೇ ಅವಳ ಧಾರಾವಾಹಿಯ ನಡುವೆ ಟಿವಿ ಆರಿಸಿದೆ. "ದಿನಾ ಇದೊಂದು ನೋಡಿದ್ದು ಸಾಕು, ಬೇರೆ ಕೆಲಸ ಇಲ್ವಾ ನಿನಗೆ?" ಎಂದು ಗದರಿಸಿದೆ. ಲೀಲಕ್ಕ ನನ್ನ ಮುಖ ನೋಡಿದಳು, ಜಗಲಿಯಲ್ಲಿದ್ದ ಗಾಡಿ ನೋಡಿದಳು.

"ಬೇಡ ಮಾರಾಯ. ನಿನಗೆ ನಾಟಕ ಮಾಡ್ಲಿಕ್ಕೆ ಬರುದಿಲ್ಲ."

"ನಿನಗೆ ಸಿಟ್ಟು ಬರುದಿಲ್ವಾ ಅಕ್ಕ?" ಎಂದು ಕೇಳಿದೆ. ನನ್ನ ಕಣ್ಣು ತುಂಬಿತ್ತು.

"ಆಗ ಬರ್ತಿತ್ತು. ದಿನಾ ಬರ್ತಿತ್ತು. ನುಂಗಿ ನುಂಗಿ ಈಗ ಸಿಟ್ಟು ಬರುದೇ ಇಲ್ಲ." ರಿಮೋಟನ್ನು ನನ್ನ ಕೈಯಿಂದ ತೆಗೆದುಕೊಂಡು ಟಿವಿ ಹಾಕಿದಳು. "ಕೂತ್ಕೋ. ಒಳ್ಳೆ ಭಾಗ ಈಗ ಬರುದು."

ಕೂತೆ. ಮರುದಿನ ಬೆಳಿಗ್ಗೆ ಬ್ಯಾಟರಿ ಚಾರ್ಜಿಗೆ ಹಾಕಿ, ಗೇಟನ್ನು ಪೂರ್ತಿ ತೆರೆದು ಕಲ್ಲು ಕೊಟ್ಟು ನಿಲ್ಲಿಸಿದೆ. ಅಂದಿನಿಂದ ದಿನವೂ ಹಾಗೆಯೇ. ಮೊನ್ನೆ ಯಾರದೋ ದನ ನುಗ್ಗಿ ಬಸಳೆಯ ಚಪ್ಪರವನ್ನೆಲ್ಲ ತಿಂದು ಹೋಯಿತು. ಗೇಟು ಮಾಡುವವನ ಮನೆಗೆ ಗೇಟು ಹಾಕಲು ಗತಿಯಿಲ್ಲವಾ ಎಂದು ಕಮಲ ಊರಿಗೆಲ್ಲ ಕೇಳುವ ಹಾಗೆ ಬೈದಳು. ಬೈಸಿಕೊಂಡೆ. ಗೇಟು ಹಾಕಲಿಲ್ಲ.